ನೀರಿನಲ್ಲಿ ನಿಂತ ಉಸಿರು: ಒಳಅಂಗಗಳು ನುಡಿಯುವ ಸಾಕ್ಷಿ

ವರದಾಮೂಲದಲ್ಲಿ ಹುಟ್ಟಿದ ವರದೆ ಬನವಾಸಿಯನ್ನು ಬಳಸಿ, ನಮ್ಮ ಜಿಲ್ಲೆಯನ್ನು ಹಾಯ್ದು ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತಾಳೆ. ಹಾನಗಲ್ಲ ಸೀಮೆಗೆ ಧರ್ಮಾ ನದಿ, ಹಿರೇಕೆರೂರು ಸೀಮೆಗೆ ಕುಮುದ್ವತಿ ಆಸರೆ. ಹಾನಗಲ್ಲಿನ ಆನೆಕೆರೆ, ಸವಣೂರಿನ ಮೋತಿ ತಲಾಬ್, ಹಿರೇಕೆರೂರಿನ ದುರ್ಗಾದೇವಿ ಕೆರೆ, ಮಾಸೂರಿನ ಬಳಿಯ ಮದಗದ ಕೆರೆ ಇವೆಲ್ಲವೂ ನಮ್ಮ ಹಿರಿಯರು ನಮಗೆ ಬಿಟ್ಟುಹೋದ ಆಸ್ತಿ. ಇವುಗಳೊಂದಿಗೆ ಈಚಿನ ವರ್ಷಗಳಲ್ಲಿ ಶಿಗ್ಗಾವಿ, ಸವಣೂರು ಭಾಗದ ಹೊಲಹೊಲಗಳಲ್ಲಿ ಕೃಷಿಹೊಂಡಗಳು ಬಂದಿವೆ. ನೀರು ನಮಗೆ ಅನ್ನ ಕೊಡುತ್ತದೆ. ಆದರೆ ಪ್ರತಿ ಮಳೆಗಾಲದಲ್ಲಿಯೂ, ಪ್ರತಿ ಬೇಸಿಗೆ ರಜೆಯಲ್ಲಿಯೂ ಅದೇ ನೀರು ಕೆಲವು ಮನೆಗಳ ದೀಪವನ್ನು ಆರಿಸುತ್ತದೆ ಎಂಬುದು ನಾವೆಲ್ಲರೂ ಕಂಡುಂಡ ಸತ್ಯ.

ಜಗತ್ತಿನಾದ್ಯಂತ 2021ರಲ್ಲಿ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಅಸುನೀಗಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಭಾರತದಲ್ಲಿ ಈ ಸಂಖ್ಯೆ ವರ್ಷಕ್ಕೆ 30 ಸಾವಿರವನ್ನು ಮೀರುತ್ತದೆ. ಈ ಕಾರಣದಿಂದಲೇ ವಿಶ್ವಸಂಸ್ಥೆಯು 2021ರಲ್ಲಿ ಜುಲೈ 25ನ್ನು ಮುಳುಗುಸಾವು ತಡೆಗಟ್ಟುವ ದಿನವೆಂದು ಘೋಷಿಸಿತು.

ಇಂತಹ ಸಾವು ಸಂಭವಿಸಿದಾಗ ದುಃಖದ ಜೊತೆಗೆ ಇನ್ನೊಂದು ಸಂಕಟವೂ ಮನೆಯವರನ್ನು ಕಾಡುತ್ತದೆ. ಪೊಲೀಸರು ಬಂದು ಮರಣೋತ್ತರ ಪರೀಕ್ಷೆ ಆಗಬೇಕೆನ್ನುತ್ತಾರೆ. “ನೀರಲ್ಲಿ ಬಿದ್ದು ಸತ್ತಿದ್ದು ಕಣ್ಣಿಗೆ ಕಾಣಿಸುತ್ತದಲ್ಲ, ಮತ್ತೇಕೆ ಕೊಯ್ಯಬೇಕು? ಕರುಳು, ಯಕೃತ್ತುಗಳನ್ನು ತೆಗೆದು ಬೆಂಗಳೂರಿಗೆ ಏಕೆ ಕಳಿಸಬೇಕು? ಕ್ರಿಯಾ ಸಮಾಧಿಗೆ ಕೊಡಬೇಕಾದ ದೇಹವನ್ನು ಹಾಗೆ ಮಾಡಬಹುದೇ?” ಎಂದು ಭಕ್ತರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಸಮಾಧಾನವಾಗಿ ಉತ್ತರ ಹೇಳುವುದು ವೈದ್ಯನ ಧರ್ಮ. ವಿಷಯ ಕಠಿಣವಾದರೂ ಅರಿತಿರುವುದು ಹಿತವೆಂದು ಈ ತಿಂಗಳು ಅದನ್ನೇ ಎತ್ತಿಕೊಂಡಿದ್ದೇನೆ.

ಮುಳುಗಿದಾಗ ದೇಹದೊಳಗೆ ಆಗುವುದೇನು?

ಪ್ರಾಣವಾಯುವಿನ ಸಂಚಾರವೇ ಬದುಕು. ನೀರಿನೊಳಗೆ ಸಿಲುಕಿದ ಮನುಷ್ಯನು ಮೊದಲು ಉಸಿರನ್ನು ಬಿಗಿಹಿಡಿಯುತ್ತಾನೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋದಂತೆ ಆ ಹಿಡಿತ ತಾನಾಗಿಯೇ ಸಡಿಲಿ, ಅವನು ಬೇಡವೆಂದರೂ ಉಸಿರೆಳೆಯುತ್ತಾನೆ. ಗಾಳಿಯ ಬದಲು ನೀರು ಒಳಸೇರುತ್ತದೆ. ಕೆಮ್ಮು ಬರುತ್ತದೆ, ನೀರನ್ನು ನುಂಗುತ್ತಾನೆ, ಮತ್ತೆ ಎಳೆಯುತ್ತಾನೆ. ಒಂದೆರಡು ನಿಮಿಷಗಳಲ್ಲಿ ಎಚ್ಚರ ತಪ್ಪುತ್ತದೆ. ನಾಲ್ಕರಿಂದ ಆರು ನಿಮಿಷ ಆಮ್ಲಜನಕ ದೊರೆಯದಿದ್ದರೆ ಮಿದುಳಿಗೆ ಮರಳಿ ಸರಿಪಡಿಸಲಾಗದ ಹಾನಿ ಆರಂಭವಾಗುತ್ತದೆ. ಕೊನೆಗೆ ಹೃದಯ ನಿಲ್ಲುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಸಾವಿಗೆ ಕಾರಣ ಹೊಟ್ಟೆಯಲ್ಲಿ ತುಂಬಿದ ನೀರಲ್ಲ, ರಕ್ತಕ್ಕೆ ಆಮ್ಲಜನಕ ಸಿಗದಿರುವುದು. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಮುಂದೆ ಹೇಳುವ ಅನೇಕ ಸಂಗತಿಗಳು ತಾವಾಗಿಯೇ ತಿಳಿಯುತ್ತವೆ.

ನಮ್ಮ ಪ್ರಾಚೀನರ ದೃಷ್ಟಿ

ಶವಪರೀಕ್ಷೆ ಪರದೇಶದಿಂದ ಬಂದದ್ದೆಂಬ ಭಾವನೆ ಹಲವರಲ್ಲಿದೆ. ಅದು ಪೂರ್ಣ ಸತ್ಯವಲ್ಲ. ಸುಶ್ರುತಾಚಾರ್ಯರು ಶಾರೀರಸ್ಥಾನದಲ್ಲಿ ವೈದ್ಯನಾಗುವವನು ದೇಹದ ಒಳರಚನೆಯನ್ನು ಕಣ್ಣಾರೆ ಕಾಣಲೇಬೇಕೆಂದು ವಿಧಿಸಿದ್ದಾರೆ. ಶವವನ್ನು ಹುಲ್ಲಿನಿಂದ ಸುತ್ತಿ, ಪಂಜರದಲ್ಲಿರಿಸಿ, ನಿಧಾನವಾಗಿ ಹರಿಯುವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಬಳಿಕ ಲಾವಂಚ, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಗೆ ಉಜ್ಜುತ್ತಾ ಚರ್ಮದಿಂದ ಹಿಡಿದು ಒಳಅಂಗಗಳವರೆಗೆ ನೋಡಬೇಕೆಂಬುದು ಅವರ ಕ್ರಮ.

ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ‘ಆಶುಮೃತಕ ಪರೀಕ್ಷೆ’ ಎಂಬ ಅಧ್ಯಾಯವೇ ಇದೆ. ಹಠಾತ್ತಾಗಿ ಸತ್ತವನ ಶವಕ್ಕೆ ಎಣ್ಣೆ ಸವರಿ ಪರೀಕ್ಷಿಸಬೇಕೆಂದು ಅದು ಹೇಳುತ್ತದೆ. ನೀರಿನಲ್ಲಿ ಮುಳುಗಿ ಸತ್ತವನ ಲಕ್ಷಣಗಳೆಂದು ಸೆಟೆದ ಕಣ್ಣು, ಕಚ್ಚಿದ ನಾಲಗೆ, ಉಬ್ಬಿದ ಹೊಟ್ಟೆಗಳನ್ನು ಹೆಸರಿಸುತ್ತದೆ. ವಿಷದ ಶಂಕೆಯಿದ್ದಲ್ಲಿ ಉಳಿದ ಆಹಾರವನ್ನು ಪಕ್ಷಿಗಳ ಮೂಲಕ ಪರೀಕ್ಷಿಸಬೇಕೆಂದೂ, ಹೃದಯಭಾಗದಿಂದ ತೆಗೆದದ್ದನ್ನು ಬೆಂಕಿಗೆ ಹಾಕಿ ಅದರ ಸದ್ದು ಮತ್ತು ಬಣ್ಣವನ್ನು ನೋಡಬೇಕೆಂದೂ ತಿಳಿಸುತ್ತದೆ. ಒಳಅಂಗದ ತುಣುಕನ್ನು ತೆಗೆದು ಸಾವಿನ ಕಾರಣ ಹುಡುಕುವ ಆಲೋಚನೆ ಎಷ್ಟು ಹಳೆಯದು ನೋಡಿ! ಈ ಗ್ರಂಥದ ತಾಳೆಗರಿ ಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದವರು ಕನ್ನಡ ನಾಡಿನ ಪಂಡಿತ ಆರ್. ಶಾಮಶಾಸ್ತ್ರಿಗಳು. ಇಂದಿಗೂ ಆಯುರ್ವೇದ ಪದವಿಯಲ್ಲಿ ಅಗದತಂತ್ರದೊಂದಿಗೆ ‘ವ್ಯವಹಾರ ಆಯುರ್ವೇದ’ವೆಂಬ ಹೆಸರಿನಲ್ಲಿ ನ್ಯಾಯವೈದ್ಯಶಾಸ್ತ್ರವನ್ನು ಓದಲೇಬೇಕು.

ಶವಾಗಾರದಲ್ಲಿ ವೈದ್ಯರು ನೋಡುವುದೇನು?

ನೀರಿನಿಂದ ಶವವನ್ನು ತೆಗೆದ ಮಾತ್ರಕ್ಕೆ ಆತ ನೀರಿನಲ್ಲಿಯೇ ಸತ್ತನೆಂದು ಹೇಳಲಾಗದು. ಇದು ಇಡೀ ಪರೀಕ್ಷೆಯ ಮೂಲಪ್ರಶ್ನೆ. ಜೀವವಿದ್ದಾಗ ಮುಳುಗಿದನೋ, ಸತ್ತ ಮೇಲೆ ನೀರಿಗೆ ಬಿದ್ದನೋ? ಮುಳುಗಿದ್ದಾದರೆ ಮೊದಲೇ ಹೃದಯಾಘಾತವಾಗಿತ್ತೋ, ಮೂರ್ಛೆರೋಗ ಬಂದಿತ್ತೋ, ಮದ್ಯ ಸೇವಿಸಿದ್ದನೋ, ಯಾರಾದರೂ ವಿಷವುಣಿಸಿದ್ದರೋ? ಈ ಎಲ್ಲ ಪ್ರಶ್ನೆಗಳಿಗೆ ಹೊರಮೈ ಅರ್ಧ ಉತ್ತರವನ್ನಷ್ಟೇ ಕೊಡಬಲ್ಲದು.

ಹೊರಗಿನಿಂದ ನೋಡಿದಾಗ ಮೂಗು, ಬಾಯಿಗಳ ಬಳಿ ಸೋಪಿನ ನೊರೆಯಂತಹ ನುಣುಪಾದ ಬಿಳಿ ನೊರೆ ಕಾಣಬಹುದು. ಒರೆಸಿದರೂ ಅದು ಮತ್ತೆ ಬರುತ್ತದೆ. ಉಸಿರಾಟದ ಹೋರಾಟದಲ್ಲಿ ಗಾಳಿ, ನೀರು, ಲೋಳೆಗಳು ಕಡೆದುಹೋದಾಗ ಅದು ಉಂಟಾಗುತ್ತದೆ. ಮುಷ್ಟಿಯಲ್ಲಿ ಜೊಂಡು, ಪಾಚಿ, ಮರಳು ಬಿಗಿಯಾಗಿ ಸಿಕ್ಕಿದ್ದರೆ ಅದು ಆತ ಜೀವಂತವಾಗಿ ನೀರಿನಲ್ಲಿ ಸೆಣಸಿದನೆಂಬುದಕ್ಕೆ ಬಲವಾದ ಸಾಕ್ಷಿ. ಅಂಗೈ, ಅಂಗಾಲುಗಳ ಚರ್ಮ ಸುಕ್ಕುಗಟ್ಟುವುದು ನೀರಿನಲ್ಲಿ ಬಹಳ ಹೊತ್ತು ಇದ್ದುದನ್ನು ಮಾತ್ರ ಹೇಳುತ್ತದೆ. ಸತ್ತ ದೇಹಕ್ಕೂ ಹಾಗಾಗುತ್ತದೆ.

ಒಳಗೆ ಮುಖ್ಯ ಸಾಕ್ಷಿ ಶ್ವಾಸಕೋಶಗಳು. ಮುಳುಗಿ ಸತ್ತವರಲ್ಲಿ ಅವು ಉಬ್ಬಿ, ಹೃದಯವನ್ನು ಮುಚ್ಚುವಷ್ಟು ಹಿಗ್ಗಿ, ಮೇಲ್ಮೈಯಲ್ಲಿ ಪಕ್ಕೆಲುಬುಗಳ ಅಚ್ಚನ್ನು ಹೊತ್ತಿರುತ್ತವೆ. ಬೆರಳಿನಿಂದ ಒತ್ತಿದರೆ ಕಲಸಿದ ಹಿಟ್ಟಿನಂತೆ ಗುಳಿ ಉಳಿಯುತ್ತದೆ. ಕೊಯ್ದಾಗ ನೊರೆಯಂತಹ ದ್ರವ ಹೊರಬರುತ್ತದೆ. ಮೇಲ್ಪೊರೆಯ ಕೆಳಗೆ ಅಲ್ಲಲ್ಲಿ ತಿಳಿಗೆಂಪು ರಕ್ತದ ಕಲೆಗಳಿರುತ್ತವೆ. ಅವುಗಳನ್ನು ಗುರುತಿಸಿದ ವೈದ್ಯನ ಹೆಸರಿನಿಂದ ಪಾಲ್ಟಾಫ್ ಕಲೆಗಳೆಂದು ಕರೆಯುವುದುಂಟು. ಶ್ವಾಸನಾಳದ ಕವಲುಗಳಲ್ಲಿ ನೊರೆಯೊಂದಿಗೆ ಆ ಕೆರೆಯ ಕೆಸರು, ಪಾಚಿಗಳೂ ಸಿಗಬಹುದು. ಜಠರದಲ್ಲಿಯೂ ಸಣ್ಣಕರುಳಿನಲ್ಲಿಯೂ ಅದೇ ನೀರು ಇರಬಹುದು. ಹೃದಯದ ಬಲಭಾಗ ಕಪ್ಪು ರಕ್ತದಿಂದ ತುಂಬಿರುತ್ತದೆ. ಕಿವಿಯ ಹಿಂಬದಿಯ ಎಲುಬಿನೊಳಗೆ ರಕ್ತ ಒಸರಿರಬಹುದು, ಮೂಗಿನ ಹಿಂದಿನ ಎಲುಬಿನ ಪೊಟ್ಟರೆಯಲ್ಲಿ ನೀರಿರಬಹುದು. ಇವುಗಳಲ್ಲಿ ಯಾವುದೊಂದೂ ತಾನೇ ಸಂಪೂರ್ಣ ಪುರಾವೆಯಲ್ಲ. ಹಲವು ಲಕ್ಷಣಗಳು ಒಟ್ಟಿಗೆ ಸೇರಿ, ಬೇರೆ ಕಾರಣಗಳು ಇಲ್ಲವೆಂದು ಖಚಿತವಾದ ಮೇಲೆಯೇ ವೈದ್ಯರು ‘ಮುಳುಗಿ ಸಾವು’ ಎಂದು ಬರೆಯುತ್ತಾರೆ.

ಕೆಲವರಲ್ಲಿ ನೀರು ತಗುಲಿದೊಡನೆ ಗಂಟಲು ಬಿಗಿದುಕೊಂಡು, ಶ್ವಾಸಕೋಶಕ್ಕೆ ನೀರು ಅಷ್ಟಾಗಿ ಹೋಗಿರುವುದಿಲ್ಲ. ಆಗ ಮೇಲೆ ಹೇಳಿದ ಲಕ್ಷಣಗಳು ಮಂಕಾಗಿರುತ್ತವೆ. ದೇಹ ಕೊಳೆಯಲು ಆರಂಭಿಸಿದ ಮೇಲೆಯೂ ಹಾಗೆಯೇ. ಇಂತಹ ಸಂದರ್ಭಗಳಲ್ಲಿ ಪ್ರಯೋಗಾಲಯದ ನೆರವು ಅನಿವಾರ್ಯ.

ಬಾಟಲಿಯಲ್ಲಿ ಹೋಗುವುದೇನು?

‘ವಿಸೇರಾ’ ಎಂಬ ಮಾತು ಕೇಳಿದೊಡನೆ ಎಲ್ಲ ಅಂಗಗಳನ್ನೂ ಬರಿದುಮಾಡಿ ಕಳಿಸುತ್ತಾರೆಂದು ಜನ ಹೆದರುತ್ತಾರೆ. ಹಾಗಿಲ್ಲ. ಜಠರ ಮತ್ತು ಅದರೊಳಗಿನ ಪದಾರ್ಥ, ಸಣ್ಣಕರುಳಿನ ಸುಮಾರು 30 ಸೆಂಟಿಮೀಟರ್ ಭಾಗ, ಯಕೃತ್ತಿನ ಸುಮಾರು 500 ಗ್ರಾಂ, ಎರಡೂ ಮೂತ್ರಪಿಂಡಗಳ ಅರ್ಧರ್ಧ ಭಾಗ, ಸ್ವಲ್ಪ ರಕ್ತ, ಸಾಮಾನ್ಯವಾಗಿ ಇಷ್ಟು. ಅಗಲಬಾಯಿಯ ಬಾಟಲಿಗಳಲ್ಲಿ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ತುಂಬದಂತೆ ಇವನ್ನು ಇಟ್ಟು, ಅರಗಿನ ಮುದ್ರೆಯೊತ್ತಿ, ಚೀಟಿ ಅಂಟಿಸಿ ಪೊಲೀಸರಿಗೆ ಒಪ್ಪಿಸುತ್ತಾರೆ. ಹೃದಯದ ತುಣುಕು, ಶ್ವಾಸಕೋಶದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಿದ್ದರೆ ಅವನ್ನು ಬೇರೆಯಾಗಿ ಫಾರ್ಮಲಿನ್‌ನಲ್ಲಿ ಇಡುತ್ತಾರೆ. ಈಜು ಬಲ್ಲವನು ಹೇಗೆ ಮುಳುಗಿದನೆಂಬ ಪ್ರಶ್ನೆಗೆ ಎಷ್ಟೋ ಸಲ ಈ ಹೃದಯದ ತುಣುಕೇ ಉತ್ತರ ಹೇಳುತ್ತದೆ.

ವಿಷಪರೀಕ್ಷೆಗೆ ಹೋಗುವ ಈ ಅಂಗಗಳು ಕೆಡದಂತೆ ಸಾಮಾನ್ಯವಾಗಿ ಹಾಕುವುದು ಏನು ಗೊತ್ತೇ? ನಮ್ಮ ಅಡುಗೆಮನೆಯ ಉಪ್ಪಿನ ದ್ರಾವಣ. ಇನ್ನು ಕರಗದು ಎನ್ನುವಷ್ಟು ಉಪ್ಪನ್ನು ನೀರಿಗೆ ಬೆರೆಸಿದರೆ ಕೊಳೆಸುವ ಸೂಕ್ಷ್ಮಜೀವಿಗಳು ಅದರಲ್ಲಿ ಬೆಳೆಯಲಾರವು. ಉಪ್ಪಿನಕಾಯಿ ವರ್ಷಗಟ್ಟಲೆ ಉಳಿಯುವುದೂ ಇದೇ ತತ್ವದಿಂದ. ಈ ಉಪ್ಪಿನ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಬಾಟಲಿಗಳು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ. ರಾಜ್ಯದ ಮುಖ್ಯ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ. ದಾವಣಗೆರೆ, ಬೆಳಗಾವಿ ಮೊದಲಾದೆಡೆ ಪ್ರಾದೇಶಿಕ ಪ್ರಯೋಗಾಲಯಗಳಿವೆ. ಅಲ್ಲಿ ಕೀಟನಾಶಕ, ನಿದ್ರೆಮಾತ್ರೆ, ಮದ್ಯ ಮುಂತಾದವುಗಳಿಗಾಗಿ ಹುಡುಕುತ್ತಾರೆ. ಹತ್ತಿ, ಗೋವಿನಜೋಳ ಬೆಳೆಯುವ ನಮ್ಮ ಸೀಮೆಯ ಮನೆಗಳಲ್ಲಿ ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿ ಇರುವುದು ಸಾಮಾನ್ಯವಾದ್ದರಿಂದ ಈ ಪರೀಕ್ಷೆಗೆ ಇಲ್ಲಿ ಹೆಚ್ಚಿನ ಮಹತ್ವವಿದೆ.

ಮಜ್ಜೆಯೊಳಗಿನ ಗಾಜಿನ ಕಣಗಳು

ಮುಳುಗಿ ಸತ್ತವರಿಗೆಂದೇ ಇರುವ ಇನ್ನೊಂದು ಪರೀಕ್ಷೆ ಬಹು ಕುತೂಹಲಕರವಾದದ್ದು. ನದಿ, ಕೆರೆಗಳ ನೀರಿನಲ್ಲಿ ಕಣ್ಣಿಗೆ ಕಾಣದ ಡಯಾಟಮ್ ಎಂಬ ಏಕಕೋಶ ಪಾಚಿಗಳಿರುತ್ತವೆ. ಅವುಗಳ ಕವಚ ಸಿಲಿಕಾದಿಂದ, ಅಂದರೆ ಗಾಜಿನ ಮೂಲದ್ರವ್ಯದಿಂದಾದುದು. ಒಂದೊಂದು ಜಾತಿಗೂ ಒಂದೊಂದು ಬಗೆಯ ಚಿತ್ತಾರ.

ಜೀವಂತ ಮನುಷ್ಯ ನೀರನ್ನು ಉಸಿರಾಗಿ ಎಳೆದಾಗ ಒತ್ತಡದಿಂದ ಶ್ವಾಸಕೋಶದ ಗಾಳಿಚೀಲಗಳ ತೆಳುಗೋಡೆ ಹರಿಯುತ್ತದೆ. ಡಯಾಟಮ್‌ಗಳು ರಕ್ತಕ್ಕೆ ಸೇರುತ್ತವೆ. ಹೃದಯ ಇನ್ನೂ ಬಡಿಯುತ್ತಿರುವುದರಿಂದ ಅವು ಯಕೃತ್ತು, ಮೂತ್ರಪಿಂಡ, ಮಿದುಳು, ಎಲುಬಿನ ಮಜ್ಜೆಗಳವರೆಗೆ ಸಾಗುತ್ತವೆ. ಸತ್ತ ದೇಹವನ್ನು ನೀರಿಗೆ ಎಸೆದರೆ ನೀರು ಶ್ವಾಸಕೋಶಕ್ಕೆ ಜಿನುಗಿ ಹೋಗಬಹುದು, ಆದರೆ ನಿಂತ ಹೃದಯ ಅದನ್ನು ಮಜ್ಜೆಗೆ ಒಯ್ಯಲಾರದು. ಪರೀಕ್ಷೆಯ ತಿರುಳು ಇಷ್ಟೇ. ಮುಳುಗಿದವರ ಶ್ವಾಸಕೋಶದಲ್ಲಿ ಡಯಾಟಮ್‌ಗಳನ್ನು ಹುಡುಕುವ ಪ್ರಯತ್ನವನ್ನು 1904ರಲ್ಲಿ ಜರ್ಮನಿಯ ರೆವೆನ್‌ಸ್ಟಾರ್ಫ್ ಮಾಡಿದರು. ಅವು ರಕ್ತದ ಮೂಲಕ ಇತರ ಅಂಗಗಳಿಗೂ ಸಾಗುತ್ತವೆಂಬುದನ್ನು 1942ರಲ್ಲಿ ಇಂಚೆ ಎಂಬ ವೈದ್ಯರು ತೋರಿಸಿದರು.

ಇದಕ್ಕಾಗಿ ತೊಡೆಯ ಎಲುಬಿನ ಅಥವಾ ಎದೆಯೆಲುಬಿನ ಮಜ್ಜೆಯನ್ನು ತೆಗೆದು ನೈಟ್ರಿಕ್ ಆಮ್ಲದಲ್ಲಿ ಕುದಿಸುತ್ತಾರೆ. ಮಾಂಸ, ಕೊಬ್ಬುಗಳೆಲ್ಲ ಕರಗಿಹೋಗುತ್ತವೆ, ಗಾಜಿನ ಕವಚ ಮಾತ್ರ ಉಳಿಯುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಆ ಕೆರೆಯಿಂದ ತಂದ ನೀರಿನ ಮಾದರಿಯಲ್ಲಿರುವ ಜಾತಿಗಳೊಂದಿಗೆ ಹೋಲಿಸುತ್ತಾರೆ. ಎರಡೂ ಒಂದಾದರೆ ಆತ ಅದೇ ನೀರಿನಲ್ಲಿ ಜೀವಂತವಾಗಿ ಮುಳುಗಿದನೆಂಬುದಕ್ಕೆ ಬಲ ಬರುತ್ತದೆ. ಆದುದರಿಂದಲೇ ಘಟನೆ ನಡೆದ ಸ್ಥಳವನ್ನು ಪೊಲೀಸರಿಗೆ ಸರಿಯಾಗಿ ತೋರಿಸುವುದು ಮನೆಯವರ ಕರ್ತವ್ಯ. ನೀರಿನ ಮಾದರಿ ತಪ್ಪಿದರೆ ಹೋಲಿಕೆಯೇ ತಪ್ಪುತ್ತದೆ.

ಈ ಪರೀಕ್ಷೆಗೂ ಮಿತಿಗಳಿವೆ. ಬೆಳಕು ಬೀಳದ ಬಾವಿಯಲ್ಲಿ ಡಯಾಟಮ್‌ಗಳು ಬಹಳ ಕಡಿಮೆ. ಗಂಟಲು ಬಿಗಿದು ಸತ್ತವರಲ್ಲಿ ಅವು ಸಿಗದೇ ಹೋಗಬಹುದು. ಪಾತ್ರೆ, ಉಪಕರಣಗಳು ಶುಚಿಯಿಲ್ಲದಿದ್ದರೆ ಹೊರಗಿನ ಡಯಾಟಮ್‌ಗಳೂ ಸೇರಿಕೊಳ್ಳಬಹುದು. ಸಿಗಲಿಲ್ಲವೆಂದ ಮಾತ್ರಕ್ಕೆ ಮುಳುಗಿಲ್ಲವೆಂದು ಅರ್ಥವಲ್ಲ.

‘ಅಭಿಪ್ರಾಯ ಕಾಯ್ದಿರಿಸಲಾಗಿದೆ’

ಮರಣೋತ್ತರ ವರದಿಯಲ್ಲಿ ಈ ಮಾತನ್ನು ಕಂಡು ಎಷ್ಟೋ ಮನೆಗಳು ಕಂಗಾಲಾಗುತ್ತವೆ. ವೈದ್ಯರಿಗೆ ಯಾರ ಮೇಲೋ ಶಂಕೆಯಿದೆ ಎಂದು ಊರೆಲ್ಲ ಮಾತನಾಡತೊಡಗುತ್ತದೆ. ನಿಜವಾಗಿ ಅದರ ಅರ್ಥ, ಪ್ರಯೋಗಾಲಯದ ವರದಿ ಬಂದ ಮೇಲೆ ಕೊನೆಯ ಅಭಿಪ್ರಾಯ ಕೊಡುತ್ತೇವೆ ಎಂಬುದಷ್ಟೇ. ವರದಿ ಬರಲು ಕೆಲವು ತಿಂಗಳುಗಳೂ ಆಗಬಹುದು. ಆ ಅವಧಿಯಲ್ಲಿ ಗಾಳಿಮಾತಿಗೆ ಕಿವಿಗೊಡದೆ ತಾಳ್ಮೆಯಿಂದಿರಬೇಕು. ಠಾಣೆಯಲ್ಲಿ ಆಗಾಗ ವಿಚಾರಿಸಿ ಅಂತಿಮ ವರದಿಯ ಪ್ರತಿಯನ್ನು ಪಡೆಯಬೇಕು.

ಮದುವೆಯಾಗಿ ಏಳು ವರ್ಷ ತುಂಬದ ಹೆಣ್ಣುಮಗಳು ಬಾವಿಯಲ್ಲಿ ಶವವಾಗಿ ಸಿಕ್ಕರೆ ಮರಣೋತ್ತರ ಪರೀಕ್ಷೆ ಕಡ್ಡಾಯ. ತಹಶೀಲ್ದಾರರು ಶವಪಂಚನಾಮೆ ನಡೆಸುತ್ತಾರೆ. ಅಸಹಜ ಸಾವಿನ ವಿಚಾರಣೆಯ ನಿಯಮ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮಿನಲ್ಲಿತ್ತು. 1 ಜುಲೈ 2024ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಾಗಿದೆ. ಇಂತಹ ಸಾವಿನಲ್ಲಿ ತವರಿನವರ ಕಣ್ಣಲ್ಲಿ ಗಂಡನ ಮನೆಯವರೆಲ್ಲ ಅಪರಾಧಿಗಳು, ಗಂಡನ ಮನೆಯವರ ಬಾಯಲ್ಲಿ ಅದು ಕಾಲುಜಾರಿದ ಅವಘಡ. ಯಾರ ಮಾತು ನಿಜವೆಂದು ಊರಿನ ಹಿರಿಯರು ಹೇಳಲಾರರು. ದೇಹ ಹೇಳಬಲ್ಲದು. ಕುತ್ತಿಗೆಯ ಒಳಸ್ನಾಯುವಿನ ಗಾಯ, ಶ್ವಾಸಕೋಶದ ಸ್ಥಿತಿ, ಜಠರದಲ್ಲಿನ ವಿಷ, ಮಜ್ಜೆಯ ಡಯಾಟಮ್ ಇವು ಯಾರ ಪಕ್ಷವನ್ನೂ ವಹಿಸವು. ಅನ್ಯಾಯವಾಗಿದ್ದರೆ ಮಗಳಿಗೆ ನ್ಯಾಯ ಸಿಗುತ್ತದೆ. ಆಗಿರದಿದ್ದರೆ ನಿರಪರಾಧಿಗಳು ಜೀವನಪೂರ್ತಿ ಹೊರಬೇಕಾದ ಕಳಂಕದಿಂದ ಪಾರಾಗುತ್ತಾರೆ. ‘ರಾಜಿ ಮಾಡಿಕೊಂಡು ಮಣ್ಣು ಮಾಡಿಬಿಡೋಣ’ ಎನ್ನುವ ಹಿರಿಯರು ಇದನ್ನು ಯೋಚಿಸಬೇಕು.

ಬಡ ಕುಟುಂಬಗಳಿಗೆ ಇನ್ನೊಂದು ಮುಖ್ಯ ಸಂಗತಿ. ವರ್ಷಕ್ಕೆ 20 ರೂಪಾಯಿ ಕಟ್ಟುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ದೊರೆಯುತ್ತದೆ. ನೆರೆಹಾವಳಿಯಲ್ಲಿ ಸತ್ತವರ ಕುಟುಂಬಕ್ಕೆ ವಿಪತ್ತು ಪರಿಹಾರ ನಿಧಿಯ ನಿಯಮದಂತೆ 4 ಲಕ್ಷ ರೂಪಾಯಿ ಇದೆ. ಇವೆರಡಕ್ಕೂ ಸಾವಿನ ಕಾರಣಕ್ಕೆ ದಾಖಲೆ ಬೇಕು. ಪರೀಕ್ಷೆ ಬೇಡವೆಂದು ದೇಹವನ್ನು ಒಯ್ದವರು ತಿಂಗಳ ನಂತರ ಕಾಗದವಿಲ್ಲದೆ ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ನೋಡಿ ನೊಂದಿದ್ದೇನೆ.

ಕ್ರಿಯಾ ಸಮಾಧಿಗೆ ಅಡ್ಡಿಯಿಲ್ಲ

ಪರೀಕ್ಷೆಯ ನಂತರ ದೇಹವನ್ನು ಹೊಲಿದು, ತೊಳೆದು ಒಪ್ಪಿಸುತ್ತಾರೆ. ಮುಖ ವಿರೂಪವಾಗುವುದಿಲ್ಲ. ಕುಳಿತ ಭಂಗಿಯಲ್ಲಿ ಕ್ರಿಯಾ ಸಮಾಧಿ ಮಾಡಲು ಹೊಲಿಗೆಯಿಂದ ತೊಂದರೆಯಿಲ್ಲ, ಬಿಳಿ ಬಟ್ಟೆಯನ್ನು ಬಿಗಿಯಾಗಿ ಸುತ್ತಿದರೆ ಸಾಕು. ಕೊರಳಿನಲ್ಲಿ ಇಷ್ಟಲಿಂಗವಿದ್ದರೆ ಪಂಚನಾಮೆಯ ಸಮಯದಲ್ಲಿಯೇ ಪೊಲೀಸರಿಗೆ ತಿಳಿಸಿ, ಬರೆಸಿ, ವಿನಯದಿಂದ ಕೇಳಿ ಪಡೆದುಕೊಳ್ಳಿ. ಸಂಜೆಯಾದ ಮೇಲೆ ಪರೀಕ್ಷೆ ಮಾಡುವುದಿಲ್ಲವೆಂಬ ಹಳೆಯ ನಿಯಮವನ್ನು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರಿನಲ್ಲಿ ಸಡಿಲಿಸಿದೆ. ಬೆಳಕು ಮತ್ತು ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ರಾತ್ರಿಯೂ ಮಾಡಬಹುದು. ಆದರೆ ಕೊಲೆ, ಆತ್ಮಹತ್ಯೆಗಳ ಶಂಕೆಯಿದ್ದಲ್ಲಿ ಅಥವಾ ದೇಹ ಕೊಳೆತಿದ್ದಲ್ಲಿ ಸಾಮಾನ್ಯವಾಗಿ ಹಗಲಿನ ತನಕ ಕಾಯಬೇಕಾಗುತ್ತದೆ.

ಪರೀಕ್ಷೆಯಿಲ್ಲದೆ ಮಣ್ಣು ಮಾಡಿದ ದೇಹದ ಬಗ್ಗೆ ಮುಂದೆ ಯಾರಾದರೂ ದೂರು ಕೊಟ್ಟರೆ ದಂಡಾಧಿಕಾರಿಗಳ ಆದೇಶದ ಮೇರೆಗೆ ಸಮಾಧಿಯನ್ನು ಅಗೆದು ತೆಗೆಯಬೇಕಾಗುತ್ತದೆ. ಅದಕ್ಕಿಂತ ದೊಡ್ಡ ನೋವು ಮನೆಯವರಿಗೆ ಬೇರೊಂದಿಲ್ಲ. ಶರಣರು ದೇಹವನ್ನು ದೇವಾಲಯವೆಂದು ಕಂಡರು. ಹಾಗೆಯೇ ಸತ್ಯಕ್ಕಿಂತ ಹಿರಿದಾದ ಪೂಜೆಯಿಲ್ಲವೆಂದೂ ಬಾಳಿ ತೋರಿದರು. ಸತ್ಯವನ್ನು ತಿಳಿಯಲು ನಡೆಯುವ ಪರೀಕ್ಷೆಯಿಂದ ದೇವಾಲಯಕ್ಕೆ ಮೈಲಿಗೆ ತಟ್ಟದು.

ಉಪ್ಪು ಜೀವ ಕೊಡದು

ಈಗ ಉಪ್ಪಿನ ಮಾತು. 2022ರಲ್ಲಿ ಬಳ್ಳಾರಿ ಜಿಲ್ಲೆಯ ಒಂದು ಗ್ರಾಮದಲ್ಲಿ, 2023ರ ಡಿಸೆಂಬರಿನಲ್ಲಿ ನಮ್ಮದೇ ಹಾವೇರಿ ಜಿಲ್ಲೆಯ ಒಂದು ಗ್ರಾಮದಲ್ಲಿ, ನೀರಿನಲ್ಲಿ ಮುಳುಗಿದ ಮಕ್ಕಳನ್ನು ಮೇಲೆತ್ತಿ, ಚೀಲಗಟ್ಟಲೆ ಉಪ್ಪಿನಲ್ಲಿ ಹುದುಗಿಸಿ, ಜೀವ ಮರಳುವುದೆಂದು ಗಂಟೆಗಟ್ಟಲೆ ಕಾಯ್ದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಮೊಬೈಲಿನಲ್ಲಿ ಹರಿದಾಡಿದ ಸಂದೇಶವೇ ಇದಕ್ಕೆ ಮೂಲ. ಹೆತ್ತವರನ್ನು ಹಳಿಯಬಾರದು. ಎದೆ ಒಡೆದವರು ಹುಲ್ಲುಕಡ್ಡಿಯನ್ನೂ ಹಿಡಿಯುತ್ತಾರೆ. ಆದರೆ ಆ ಸಂದೇಶವನ್ನು ಮುಂದೆ ಕಳಿಸಿದ ನಾವೆಲ್ಲರೂ ಉತ್ತರಿಸಬೇಕು.

ಆಯುರ್ವೇದದ ವೈದ್ಯನಾಗಿ ಇನ್ನೊಂದನ್ನೂ ಮುಚ್ಚಿಡದೆ ಹೇಳಬೇಕು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯದಲ್ಲಿ ಹೊಟ್ಟೆಯಲ್ಲಿ ನೀರು ತುಂಬಿದವನನ್ನು ತಲೆಕೆಳಗು ಮಾಡಿ ಒತ್ತಬೇಕು, ಅಲುಗಿಸಬೇಕು, ವಾಂತಿ ಮಾಡಿಸಬೇಕು ಅಥವಾ ಮುಖವನ್ನು ಬಿಟ್ಟು ಬೂದಿಯ ರಾಶಿಯಲ್ಲಿ ಹೂಳಬೇಕು ಎಂದಿದೆ. ಅದು ಬದುಕಿರುವ ರೋಗಿಗೆ ಆ ಕಾಲದ ಜ್ಞಾನದಲ್ಲಿ ಹೇಳಿದ ಉಪಾಯ. ಯುರೋಪಿನಲ್ಲಿಯೂ 18ನೆಯ ಶತಮಾನದಲ್ಲಿ ಮುಳುಗಿದವರನ್ನು ಪೀಪಾಯಿಯ ಮೇಲೆ ಉರುಳಿಸುತ್ತಿದ್ದರು. 1767ರಲ್ಲಿ ಆಮ್ಸ್ಟರ್‌ಡ್ಯಾಮ್ ನಗರದಲ್ಲಿ ಮುಳುಗಿದವರನ್ನು ಬದುಕಿಸಲೆಂದೇ ಒಂದು ಸಂಘ ಹುಟ್ಟಿತು. ಅಂದಿನಿಂದ ನಡೆದ ಅನುಭವ, ಪರೀಕ್ಷೆಗಳಿಂದಲೇ ಕೊರತೆಯಿರುವುದು ಉಸಿರಿನದು, ತೆಗೆಯಬೇಕಾದದ್ದು ಹೊಟ್ಟೆಯ ನೀರಲ್ಲ ಎಂಬ ಅರಿವು ಮೂಡಿತು. ಆಚಾರ್ಯರನ್ನು ಗೌರವಿಸುವುದೆಂದರೆ ಅವರಂತೆ ಕಣ್ಣಾರೆ ಕಂಡು ಕಲಿಯುವುದು.

ಉಪ್ಪು ಮಾಡುವುದು ಒಂದೇ ಕೆಲಸ: ಕೊಳೆಯದಂತೆ ತಡೆಯುವುದು. ಶವಾಗಾರದ ಬಾಟಲಿಯಲ್ಲಿ ಅದು ಸತ್ಯವನ್ನು ಕಾಪಾಡುತ್ತದೆ. ಮಗುವಿನ ಮೈಮೇಲೆ ಸುರಿದ ಉಪ್ಪು ಬದುಕಿಸಬಹುದಾಗಿದ್ದ ನಿಮಿಷಗಳನ್ನು ತಿಂದುಹಾಕುತ್ತದೆ.

ಆ ಐದು ನಿಮಿಷಗಳಲ್ಲಿ ಏನು ಮಾಡಬೇಕು?

ಮೊದಲನೆಯದು, ಈಜು ಬಾರದವರು ನೀರಿಗೆ ಹಾರಬಾರದು. ಒಬ್ಬನನ್ನು ಉಳಿಸಹೋಗಿ ಇಬ್ಬರು, ಮೂವರು ಸಾಯುವುದು ನಮ್ಮಲ್ಲಿ ಪದೇಪದೇ ನಡೆಯುತ್ತದೆ. ಹಗ್ಗ, ಸೀರೆ, ಗಳ, ಖಾಲಿ ಕೊಡ, ಟ್ಯೂಬು ಏನಾದರೂ ಎಸೆಯಿರಿ.

ಎರಡನೆಯದು, ಮೇಲೆತ್ತಿದ ಕೂಡಲೇ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ ಉಸಿರಾಟ ನೋಡಿ. ಒಬ್ಬರು 108ಕ್ಕೆ ಅಥವಾ 112ಕ್ಕೆ ಕರೆಮಾಡಲಿ. ಹೊಟ್ಟೆ ಒತ್ತಬೇಡಿ, ತಲೆಕೆಳಗು ಮಾಡಬೇಡಿ, ಹೆಗಲ ಮೇಲೆ ಹೊತ್ತು ಸುತ್ತಿಸಬೇಡಿ. ಹೊಟ್ಟೆಯ ನೀರು, ಅನ್ನ ಮೇಲೆ ಬಂದು ಶ್ವಾಸನಾಳಕ್ಕೆ ಹೋದರೆ ಅಪಾಯ ಇಮ್ಮಡಿಯಾಗುತ್ತದೆ.

ಮೂರನೆಯದು, ಉಸಿರಿಲ್ಲದಿದ್ದರೆ ಬಾಯಿಯಲ್ಲಿನ ಕೆಸರನ್ನು ತೆಗೆದು, ಗಲ್ಲವನ್ನು ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏಳುವಂತೆ ಎರಡರಿಂದ ಐದು ಸಲ ಉಸಿರು ಕೊಡಿ. ಬಳಿಕ ಎದೆಯ ನಡುವೆ ಎರಡೂ ಅಂಗೈಗಳಿಂದ ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ 30 ಸಲ ಒತ್ತಿ. ಸಣ್ಣ ಮಕ್ಕಳಿಗೆ ಎದೆಯ ದಪ್ಪದ ಮೂರನೆಯ ಒಂದು ಭಾಗ ಸಾಕು. ಮತ್ತೆ ಎರಡು ಉಸಿರು, ಮತ್ತೆ 30 ಒತ್ತು. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

ನಾಲ್ಕನೆಯದು, ಕಣ್ತೆರೆದು ಎದ್ದು ಕುಳಿತರೂ ಆಸ್ಪತ್ರೆಗೆ ಒಯ್ಯಿರಿ. ಶ್ವಾಸಕೋಶದೊಳಗೆ ಸೇರಿದ ನೀರು ಕೆಲವು ಗಂಟೆಗಳ ನಂತರ ಉಸಿರುಗಟ್ಟಿಸಬಹುದು. ಆರೇಳು ಗಂಟೆಯಾದರೂ ವೈದ್ಯರ ಕಣ್ಣಿನ ಕೆಳಗೆ ಇರಬೇಕು.

ಇಷ್ಟಾಗಿಯೂ ಜೀವ ಹೋದರೆ ಮೈ ತೊಳೆಯಬೇಡಿ, ಬಟ್ಟೆ ಬದಲಿಸಬೇಡಿ, ಬಿಗಿದ ಮುಷ್ಟಿಯನ್ನು ಬಿಡಿಸಬೇಡಿ. ಮೊದಲು ಯಾರು ಕಂಡರು, ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ ಎಂಬುದನ್ನು ಬರೆದಿಟ್ಟುಕೊಳ್ಳಿ. ಮೃತರಿಗಿದ್ದ ಮೂರ್ಛೆರೋಗ, ಹೃದ್ರೋಗ, ನುಂಗುತ್ತಿದ್ದ ಔಷಧಿಗಳನ್ನು ವೈದ್ಯರಿಗೆ ಮರೆಮಾಚದೆ ತಿಳಿಸಿ.

ತಡೆಯುವುದೇ ನಿಜವಾದ ಚಿಕಿತ್ಸೆ

2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಹೊಂಡಗಳು 3 ಮೀಟರ್ ಆಳದವು. ಅವುಗಳಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದಾಗ ಎಣ್ಣೆ ಸವರಿದ ಬಂಡೆಯಂತೆ ಜಾರುತ್ತದೆ. ಬಿದ್ದವನು ಈಜು ಬಲ್ಲವನಾದರೂ ಹತ್ತಲಾರ. ಸುತ್ತ ಬೇಲಿ ಹಾಕಿಸಿ, ನಾಲ್ಕೂ ಬದಿಗೆ ಗೂಟಕ್ಕೆ ಕಟ್ಟಿದ ಗಂಟುಹಗ್ಗವನ್ನು ನೀರಿಗೆ ಇಳಿಬಿಡಿ, ಒಂದು ಹಳೆಯ ಟ್ಯೂಬು ತೇಲಿಬಿಡಿ. ಇದರ ಖರ್ಚು ಒಂದು ಚೀಲ ಗೊಬ್ಬರದ್ದಕ್ಕಿಂತ ಬಹಳ ಹೆಚ್ಚಾಗದು.

ಸಾಹಸಿಗಳಿಗೂ ನೀರು ವಿನಾಯಿತಿ ಕೊಡುವುದಿಲ್ಲ. 7 ನವೆಂಬರ್ 2016ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಲನಚಿತ್ರದ ಚಿತ್ರೀಕರಣಕ್ಕಾಗಿ ಹೆಲಿಕಾಪ್ಟರಿನಿಂದ ಹಾರಿದ ಇಬ್ಬರು ಗಟ್ಟಿಮುಟ್ಟಾದ ನಟರು ದಡ ಸೇರಲಿಲ್ಲ. ಅವರ ದೇಹಗಳು ದೊರೆತದ್ದು ದಿನಗಳ ನಂತರ. ದೇಹಬಲ ಬೇರೆ, ಈಜು ಬೇರೆ. ಮಕ್ಕಳಿಗೆ ಈಜನ್ನು ಬಲ್ಲವರಿಂದಲೇ ಕಲಿಸಿ. ಮೂರ್ಛೆರೋಗವಿದ್ದವರು ಒಬ್ಬರೇ ಕೆರೆಗಾಗಲಿ ಹೊಳೆಗಾಗಲಿ ಇಳಿಯಬಾರದು. ಮದ್ಯ ಕುಡಿದವರಂತೂ ನೀರಿನ ಹತ್ತಿರವೂ ಸುಳಿಯಬಾರದು. ಮನಸ್ಸು ಕದಡಿ, ಬದುಕು ಬೇಡವೆನಿಸಿದವರು ಮನೆಯಲ್ಲಿದ್ದರೆ ಅವರನ್ನು ಒಬ್ಬರನ್ನೇ ಬಿಡದೆ ವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ತುಂಗಭದ್ರೆಯ ತೀರದ ಚೌಡದಾನಪುರ ನಮ್ಮ ಜಿಲ್ಲೆಯದೇ. ನಿಜಶರಣ ಅಂಬಿಗರ ಚೌಡಯ್ಯನವರ ಹೆಸರಿನೊಂದಿಗೆ ಬೆಸೆದುಕೊಂಡ ಸ್ಥಳವದು. ಜನರನ್ನು ಸುರಕ್ಷಿತವಾಗಿ ದಡ ಸೇರಿಸುವುದನ್ನೇ ಕಾಯಕವಾಗಿಸಿಕೊಂಡ ಶರಣರು ಬಾಳಿದ ನಾಡಿನಲ್ಲಿ ಮಕ್ಕಳು ಹೊಂಡಕ್ಕೆ ಬಿದ್ದು ಸಾಯುವುದು ನಮಗೆ ಶೋಭಿಸದು. ಈ ಮಳೆಗಾಲಕ್ಕೆ ಮೊದಲೇ ಪ್ರತಿಯೊಬ್ಬ ಭಕ್ತರೂ ತಮ್ಮ ಹೊಲದ ಹೊಂಡಕ್ಕೆ ಒಂದು ಹಗ್ಗ ಕಟ್ಟಲಿ. ಪ್ರತಿ ಊರಿನ ಇಬ್ಬರು ಯುವಕರಾದರೂ ಉಸಿರು ಕೊಡುವ ವಿಧಾನವನ್ನು ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಕೇಳಿ ಕಲಿಯಲಿ. ಅದೂ ದಾಸೋಹವೇ.